ರಬ್ಬರು ಗಾಲಿಗೆ ತೇಪೆ ಹಾಕಿದವರು

ಮೋಟಾರು ಗಾಡಿಯ ಹಿಂದೆ ಬಿಗಿದಿಟ್ಟಿರುವ ಹೆಚ್ಚಿನ ಗಾಲಿಗೆ ನಮ್ಮ ಚಾಲಕರು ‘ಸ್ಟೆಪ್ನಿ’ ಎನ್ನುವುದನ್ನು ನೀವು ಕೇಳಿಯೇ ಇರುತ್ತೀರಿ. ಇಂಗ್ಲಿಷ್ ಮಾತೆಂದು ನಂಬಿ ಅದನ್ನು ಲಂಡನ್ನಿನಲ್ಲಿ ಆಡಿದಿರಾದರೆ, ಕೇಳಿದವರು ನಿಮಗೆ ಆ ಹೆಸರಿನ ಪೇಟೆಗೆ ದಾರಿ ತೋರಿಸಿಯಾರೇ ಹೊರತು ಗಾಲಿ ತಂದುಕೊಡಲಾರರು. ಆ ಹೆಸರು ಬಂದುದು ಲಂಡನ್ನಿನ ಪೇಟೆಯಿಂದಲೂ ಅಲ್ಲ. ವೇಲ್ಸ್ ನಾಡಿನ ಲ್ಯಾನೆಲ್ಲಿ ಎಂಬ ಪಟ್ಟಣದಲ್ಲಿ ಸ್ಟೆಪ್ನಿ ಬೀದಿ ಎಂಬುದೊಂದಿದೆ. ಆ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಡೇವಿಸ್ ಎಂಬ ಸೋದರರಿಬ್ಬರು ೧೯೦೪ರಲ್ಲಿ ಒಂದು ಉಪಾಯ ಮಾಡಿದರು. ಆಗಿನ ಕಾರುಗಳ ಗಾಲಿಯನ್ನು ಇಂದಿನಂತೆ ನಾಲ್ಕು ತಿರುಪು ಬಿಚ್ಚಿ ತೆಗೆಯುವಂತಿರಲಿಲ್ಲ. ಮುಳ್ಳೋ ಮೊಳೆಯೋ ಚುಚ್ಚಿತೆಂದರೆ ಗಾಲಿಯನ್ನು ಇದ್ದಲ್ಲಿಯೇ ಜಾಕಿನ ಮೇಲೆ ಎತ್ತಿ, ಕಬ್ಬಿಣದ ಪಟ್ಟಿಗಳಿಂದ ಟೈರನ್ನು ಮೀಟಿ, ಟ್ಯೂಬನ್ನು ಹೊರಗೆಳೆದು, ದಾರಿಯ ಬದಿಯಲ್ಲಿ ಕುಳಿತು ತೇಪೆ ಹಾಕಿ, ಮತ್ತೆ ಕೈಪಂಪಿನಿಂದ ಗಾಳಿ ತುಂಬಬೇಕು. ಮಳೆ ಬರುತ್ತಿದ್ದರೂ ಅಷ್ಟೆ, ಕತ್ತಲಾಗಿದ್ದರೂ ಅಷ್ಟೆ. ಡೇವಿಸ್ ಸೋದರರು ಮಾಡಿದುದು ಅರೆಕಾಲುಗಳಿಲ್ಲದ ಒಂದು ಬರಿಯ ಬಳೆ. ಅದರ ಮೇಲೆ ಗಾಳಿ ತುಂಬಿದ ಟೈರು. ಗಾಳಿ ಹೋದ ಗಾಲಿಯ ಪಕ್ಕಕ್ಕೆ ಅದನ್ನು ಹಿಡಿಕೆಗಳಿಂದ ಬಿಗಿದು ಮನೆ ಸೇರಬಹುದು. ತೇಪೆಯ ಕೆಲಸವನ್ನು ಮನೆಗೆ ಹೋದಮೇಲೆ ನೆರಳಿನಲ್ಲಿ ಮಾಡಿಕೊಳ್ಳಬಹುದು. ಆ ಬಳೆ ಇಂದು ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹೆಸರು ಮಾತ್ರ ನಮ್ಮಲ್ಲಿಯೂ ಮಾಲ್ಟಾ ದ್ವೀಪದಲ್ಲಿಯೂ ಉಳಿದುಕೊಂಡಿದೆ. ದೂರದ ಬ್ರೆಜಿಲ್ಲಿನಲ್ಲಿ ‘ಎಸ್ತೆಪೆ’ ಎಂದು ರೂಪ ಬದಲಿಸಿದೆ.

ಗಾಲಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕಂಡುಹಿಡಿದವರ ಹೆಸರು ಹೇಳಿ ಮುಗಿಸಿಬಿಡುತ್ತಾರೆ. ಆದರೆ ಗಾಳಿ ತುಂಬಿದ ಗಾಲಿಯನ್ನು ಜನ ನಂಬಿ ಕೊಂಡುಕೊಂಡುದು ಅದು ಮೆತ್ತಗೆ ಓಡುತ್ತದೆಂದು ತಿಳಿದ ದಿನದಿಂದಲ್ಲ. ಒಡೆದರೆ ತಾವೇ ಸರಿಮಾಡಿಕೊಳ್ಳಬಹುದು ಎಂದು ತಿಳಿದ ದಿನದಿಂದ. ಈ ಎರಡು ದಿನಗಳ ನಡುವೆ ನಲವತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ ಕಳೆಯಿತು.

ಮೊದಲು ರಬ್ಬರಿನ ಮಾತು. ಮರದಿಂದ ಇಳಿಸಿದ ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಗಡುಸಾಗಿ ಬಿರುಕುಬಿಡುತ್ತದೆ. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಈ ಎರಡು ದೋಷಗಳೂ ಹೋಗುವುವೆಂದು ಕಂಡುಕೊಂಡನು. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ ಎಂಬಾತನು ಇದೇ ಕ್ರಮವನ್ನು ಕೈವಶ ಮಾಡಿಕೊಂಡನು. ಅವನ ಗೆಳೆಯನೊಬ್ಬನು ರೋಮನರ ಅಗ್ನಿದೇವನಾದ ವಲ್ಕನನ ಹೆಸರನ್ನು ಅದಕ್ಕೆ ಇಟ್ಟನು. ನಮ್ಮ ಪಂಕ್ಚರು ಅಂಗಡಿಗಳ ಹಲಗೆಯ ಮೇಲೆ ಬಗೆಬಗೆಯ ಕಾಗುಣಿತದಲ್ಲಿ ಕಾಣುವ ‘ವಲ್ಕನೈಸಿಂಗ್’ ಎಂಬುದು ಆ ದೇವರ ಹೆಸರೇ. ರಬ್ಬರನ್ನು ಗಟ್ಟಿಮಾಡುವ ಕ್ರಿಯೆಯೇ ಅದರ ಗಾಯವನ್ನು ಕೂಡಿಸುವ ಕ್ರಿಯೆಯೂ ಹೌದು. ಟ್ಯೂಬನ್ನು ಉಜ್ಜಿ, ಅದಕ್ಕೂ ತೇಪೆಗೂ ನಡುವೆ ಇನ್ನೂ ಬೇಯದ ರಬ್ಬರಿನ ತೆಳುವಾದ ಪದರವನ್ನಿಟ್ಟು ಬಿಸಿಮಾಡಿ ಒತ್ತಿದರೆ, ಗಂಧಕವು ಮೂರನ್ನೂ ಒಂದಾಗಿ ಬೆಸೆಯುತ್ತದೆ. ಅಂಟಿಸಿದುದು ಬಿಡಬಹುದು, ಹೀಗೆ ಬೆಂದು ಸೇರಿದುದು ಬಿಡದು.

ಗಾಳಿ ತುಂಬಿದ ಗಾಲಿಗೆ ಮೊದಲ ಹಕ್ಕುಪತ್ರ ಪಡೆದವನು ಡನ್‌ಲಪ್ ಅಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಯುವಕ ಎಂಜಿನಿಯರನು ೧೮೪೫ರಲ್ಲಿಯೇ ಅದನ್ನು ಪಡೆದನು. ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ದಪ್ಪ ತೊಗಲಿನ ಹೊದಿಕೆ. ೧೮೪೭ರಲ್ಲಿ ಲಂಡನ್ನಿನ ರೀಜೆಂಟ್ ಉದ್ಯಾನದಲ್ಲಿ ಕುದುರೆಗಾಡಿಗೆ ಇಂಥ ಗಾಲಿಗಳನ್ನು ತೊಡಿಸಿ ಓಡಿಸಿದಾಗ ಜನ ಬೆರಗಾದರು. ಆದರೆ ಕೊಳ್ಳುವವರು ಬರಲಿಲ್ಲ. ಬೆಲೆ ಹೆಚ್ಚು, ತೊಗಲಿನ ಹೊದಿಕೆಯನ್ನು ಗಾಲಿಗೆ ತಿರುಪುಗಳಿಂದ ಜಡಿದಿದ್ದುದರಿಂದ ಒಳಗಿನ ಕೊಳವೆಗೆ ಕೈ ಹಾಕುವುದೇ ಒಂದು ಸಾಹಸ. ಥಾಮ್ಸನ್ ಅದನ್ನು ಕೈಬಿಟ್ಟು ಮುಂದೆ ಗಟ್ಟಿ ರಬ್ಬರಿನ ಗಾಲಿಗಳುಳ್ಳ ಉಗಿ ಬಂಡಿಗಳನ್ನು ಕಟ್ಟಿದನು. ಅಂಥ ಬಂಡಿಗಳು ೧೮೭೦ರ ದಶಕದಲ್ಲಿ ನಮ್ಮ ದೇಶಕ್ಕೂ ಬಂದು, ಕ್ರಾಂಪ್ಟನ್ ಎಂಬ ಸೈನ್ಯಾಧಿಕಾರಿಯ ಕೈಯಲ್ಲಿ ಪಂಜಾಬಿನ ರಸ್ತೆಗಳಲ್ಲಿ ಓಡಿದುವು.

೧೮೮೭ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಬಂಡಿಗೆ ಗಾಳಿಯ ಕೊಳವೆಯನ್ನು ಸುತ್ತಿಕೊಟ್ಟು, ಮರುವರ್ಷ ಹಕ್ಕುಪತ್ರ ಪಡೆದನು. ಥಾಮ್ಸನ್ನನ ಹಳೆಯ ಪತ್ರ ಬೆಳಕಿಗೆ ಬಂದು ಅದು ರದ್ದಾಯಿತೆನ್ನುವುದು ಬೇರೆ ಮಾತು. ನಮಗೆ ಬೇಕಾದ ವಿಷಯವೆಂದರೆ, ಡನ್‌ಲಪ್ಪನ ಟೈರನ್ನು ಗಾಲಿಯ ಪಟ್ಟಿಗೆ ಅಂಟಿನಿಂದ ಮೆತ್ತಿಬಿಟ್ಟಿರುತ್ತಿದ್ದರು. ೧೮೮೯ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಊರಿಗೆ ಒಬ್ಬ ಸೈಕಲ್ಲಿನವನು ಇಂಥ ಟೈರಿನಲ್ಲಿ ಗಾಳಿ ಕಳೆದುಕೊಂಡು ಬಂದು, ಮಿಶೆಲಿನ್ ಸೋದರರ ರಬ್ಬರು ಕಾರ್ಖಾನೆಯ ಬಾಗಿಲು ತಟ್ಟಿದನು. ಹರಿದು ತೆಗೆದು ತೇಪೆ ಹಾಕಿ ಮತ್ತೆ ಮೆತ್ತುವುದಕ್ಕೆ ಮೂರು ಗಂಟೆ ಹಿಡಿಯಿತು. ಅಂಟು ಒಣಗಲು ಒಂದು ರಾತ್ರಿ ಬೇಕಾಯಿತು. ಮರುದಿನ ಬೆಳಿಗ್ಗೆ ಎದುವಾರ್ ಮಿಶೆಲಿನ್ ತಾನೇ ಆ ಸೈಕಲ್ಲನ್ನೇರಿ ಅಂಗಳದಲ್ಲಿ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಟೈರು ಮತ್ತೆ ಸೋತಿತು. ಗಾಳಿಯ ಗಾಲಿಯ ಸುಖವೂ ಅದರ ಸಂಕಟವೂ ಅವನಿಗೆ ಒಂದೇ ಬೆಳಿಗ್ಗೆ ಅರ್ಥವಾದುವು.

ಎರಡು ವರ್ಷದಲ್ಲಿ ಸೋದರರು ಬಿಚ್ಚಿ ತೊಡಿಸಬಹುದಾದ ಟೈರನ್ನು ತಯಾರಿಸಿದರು. ಅದನ್ನು ಕಟ್ಟಿಕೊಂಡ ಶಾರ್ಲ್ ತೆರೋಂ ಎಂಬುವನು ೧೮೯೧ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿಬರುವ ಪಂದ್ಯವನ್ನು ಸುಮಾರು ೭೨ ಗಂಟೆಗಳಲ್ಲಿ ಮುಗಿಸಿ ಗೆದ್ದನು. ದಾರಿಯಲ್ಲಿ ಅವನ ಟೈರು ಒಡೆಯಲಿಲ್ಲವೆಂದಲ್ಲ; ಒಡೆದುದನ್ನು ದಾರಿಯಲ್ಲಿಯೇ ಸರಿಮಾಡಿಕೊಂಡನು. ಮರುವರ್ಷ ಮಿಶೆಲಿನ್ನರು ತಾವೇ ಒಂದು ಪಂದ್ಯವನ್ನೇರ್ಪಡಿಸಿ, ತಾವೇ ರಸ್ತೆಯ ಮೇಲೆ ಮೊಳೆ ಚೆಲ್ಲಿಸಿದರಂತೆ! ಒಡೆಯುವುದು ದೊಡ್ಡ ವಿಷಯವಲ್ಲ, ಒಡೆದುದು ಎಷ್ಟು ಬೇಗ ಕೂಡೀತೆಂಬುದನ್ನು ಜನ ನೋಡಲಿ ಎಂಬುದು ಅವರ ಲೆಕ್ಕ. ವ್ಯಾಪಾರದ ಜಾಣತನವೆಂದರೆ ಇದು. ೧೮೯೫ರ ಪ್ಯಾರಿಸ್–ಬೋರ್ದೋ–ಪ್ಯಾರಿಸ್ ಮೋಟಾರು ಪಂದ್ಯಕ್ಕೆ ಗಾಳಿ ಗಾಲಿಯ ಕಾರನ್ನು ತರುವ ಧೈರ್ಯವನ್ನು ಮಾಡಿದವರೂ ಇವರೇ. ತಂದ ಟ್ಯೂಬುಗಳೆಲ್ಲ ತೇಪೆಯ ಮೇಲೆ ತೇಪೆ ಕಂಡುವು. ಗೊತ್ತುಮಾಡಿದ ನೂರು ಗಂಟೆಗಳೊಳಗೆ ಊರು ಮುಟ್ಟಲಾಗಲಿಲ್ಲ. ನೋಡಿದವರಲ್ಲಿ ಅನೇಕರು ನಕ್ಕರು. ಹತ್ತು ವರ್ಷ ಕಳೆಯುವುದರೊಳಗೆ ನಕ್ಕವರ ಕಾರುಗಳೂ ಗಾಳಿಯ ಮೇಲೆಯೇ ಓಡುತ್ತಿದ್ದುವು.

ಫ್ರಾನ್ಸಿನಲ್ಲಾದರೋ ಒಳ್ಳೆಯ ರಸ್ತೆಗಳಿದ್ದುವು. ರಸ್ತೆಯೇ ಇಲ್ಲದ ಕಡೆ ಓಡುವ ಗಾಡಿಯ ಪಾಡೇನು? ೧೯೦೩ರಲ್ಲಿ ವರ್ಮಾಂಟಿನ ಹೊರೇಷಿಯೋ ನೆಲ್ಸನ್ ಜಾಕ್ಸನ್ ಎಂಬ ವೈದ್ಯನು ೫೦ ಡಾಲರಿನ ಪಣಕ್ಕಾಗಿ ಸಾನ್‌ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಕಾರಿನಲ್ಲಿ ಹೋಗುವೆನೆಂದು ಹೊರಟನು. ಅದುವರೆಗೆ ಅಮೆರಿಕದ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಯಾರೂ ಕಾರಿನಲ್ಲಿ ಹೋಗಿರಲಿಲ್ಲ. ಜೊತೆಗೆ ಸೂವಲ್ ಕ್ರೋಕರ್ ಎಂಬ ಮೆಕ್ಯಾನಿಕ್ಕು. ದಾರಿಯಲ್ಲಿ ಕೂಡಿಕೊಂಡ ಒಂದು ನಾಯಿ. ಊರು ಬಿಟ್ಟು ಹದಿನೈದು ಮೈಲಿ ಹೋಗುವಷ್ಟರಲ್ಲಿ ಒಂದು ಟೈರು ಸಿಡಿಯಿತು. ಇದ್ದ ಒಂದೇ ಹೆಚ್ಚಿನ ಟೈರು ಅಲ್ಲಿಗೇ ಮುಗಿಯಿತು. ಮುಂದೆ ಬೆಟ್ಟಗಳ ಕಲ್ಲುದಾರಿ. ಟ್ಯೂಬುಗಳು ತೇಪೆ ಹಿಡಿಯಲಾರದ ಸ್ಥಿತಿಗೆ ಬಂದಾಗ ಕ್ರೋಕರನು ಗಾಲಿಗೆ ಹಗ್ಗವನ್ನೇ ಬಿಗಿಯಾಗಿ ಸುತ್ತಿದನು. ತಂತಿಯ ಮೂಲಕ ಹೇಳಿಕಳುಹಿಸಿದ ಟೈರುಗಳು ರೈಲಿನಲ್ಲಿ ಬರುವವರೆಗೆ ಆ ಹಗ್ಗದ ಗಾಲಿಯೇ ಗತಿ. ಮೇ ೨೩ರಂದು ಹೊರಟವರು ಜುಲೈ ೨೬ರಂದು ನ್ಯೂಯಾರ್ಕು ಸೇರಿದರು. ಆರು ವರ್ಷಗಳ ಮೇಲೆ, ೧೯೦೯ರಲ್ಲಿ, ಆಲಿಸ್ ರಾಮ್ಸೆ ಎಂಬ ಇಪ್ಪತ್ತೆರಡು ವರ್ಷದ ಗೃಹಿಣಿ ಅದೇ ಖಂಡವನ್ನು ಎದುರು ದಿಕ್ಕಿನಲ್ಲಿ ದಾಟಿದಳು. ಆಕೆ ಹನ್ನೊಂದು ಸಲ ಟೈರು ಬದಲಾಯಿಸಿದಳು. ಜೊತೆಗಿದ್ದ ಮೂವರು ಹೆಂಗಸರಲ್ಲಿ ಒಬ್ಬರಿಗೂ ಕಾರು ನಡೆಸಲು ಬರುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಟೈರಿನ ಒಳಗನ್ನು ನೋಡೋಣ. ಟ್ಯೂಬಿಗೆ ಹಾಕುವ ತೇಪೆ ಸುಲಭ, ಟೈರಿಗೆ ಹಾಕುವುದು ಕಷ್ಟ. ಏಕೆ? ಟ್ಯೂಬಿನ ಕೆಲಸ ಗಾಳಿಯನ್ನು ಸೋರಗೊಡದಿರುವುದು ಮಾತ್ರ. ಗಾಳಿಯ ಒತ್ತಡವನ್ನು ತಡೆದು ನಿಲ್ಲುವುದು ಟೈರಿನೊಳಗೆ ಹುದುಗಿರುವ ಬಟ್ಟೆ, ಎಂದರೆ ನೂಲಿನ ಪದರಗಳು. ಹೊರಗಿನ ರಬ್ಬರು ಸವೆದರೆ ಟೈರು ಮುದಿಯಾಯಿತು ಅಷ್ಟೆ. ಒಳಗಿನ ನೂಲು ಕಡಿದರೆ ಅದರ ಮೂಳೆಯೇ ಮುರಿದಂತೆ. ಎಷ್ಟು ಒತ್ತಡವೆಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ. ಚದರಂಗುಲಕ್ಕೆ ಎಷ್ಟು ಪೌಂಡು ಗಾಳಿಯೋ ಅದನ್ನು ಟೈರಿನ ಹೊಟ್ಟೆಯ ಅರ್ಧ ಅಗಲದಿಂದ ಗುಣಿಸಿರಿ. ಬಸ್ಸಿನ ಟೈರಿಗೆ ಸುಮಾರು ೧೦೦ ಪೌಂಡು ಗಾಳಿ, ಅರ್ಧ ಅಗಲ ಐದಂಗುಲ: ಒಂದಂಗುಲ ಬಟ್ಟೆಯ ಮೇಲೆ ೫೦೦ ಪೌಂಡಿನ ಎಳೆತ. ಟ್ರಾಕ್ಟರಿನ ಹಿಂದಿನ ದೊಡ್ಡ ಟೈರಿಗೆ ೧೨ ಪೌಂಡು ಗಾಳಿ, ಅರ್ಧ ಅಗಲ ಏಳಂಗುಲ: ಎಳೆತ ೮೪ ಪೌಂಡು ಮಾತ್ರ. ನೋಡುವುದಕ್ಕೆ ಆನೆಯಂತಿದ್ದರೂ ಟ್ರಾಕ್ಟರಿನ ಟೈರು ಬಸ್ಸಿನದರ ಆರರಲ್ಲೊಂದು ಪಾಲಿನ ಕಷ್ಟವನ್ನಷ್ಟೇ ಪಡುತ್ತದೆ. ಓಡುವುದೂ ಎತ್ತಿನ ನಡಿಗೆಯಲ್ಲಿ. ಹೊಲದಲ್ಲಿ ಓಡುವ ಟೈರಿನ ಪಕ್ಕ ಸೀಳಿದರೆ ರೈತನು ಮನೆಯಲ್ಲಿಯೇ ಹೊಲಿದುಕೊಂಡು ಎರಡು ಬೆಳೆ ತೆಗೆಯಬಲ್ಲನು. ಅದೇ ಹೊಲಿಗೆಯನ್ನು ಬಸ್ಸಿನ ಟೈರಿಗೆ ಹಾಕಿದರೆ ಪ್ರಯಾಣಿಕರ ಪ್ರಾಣದ ಮೇಲೆ ಹೊಲಿಗೆ ಹಾಕಿದಂತೆ.

ಟ್ರಾಕ್ಟರಿಗೆ ರಬ್ಬರಿನ ಗಾಲಿ ಬಂದುದೇ ತಡವಾಗಿ. ೧೯೩೦ರವರೆಗೂ ಅದಕ್ಕೆ ಹಲ್ಲುಳ್ಳ ಉಕ್ಕಿನ ಗಾಲಿಗಳು. ಹಾರ್ವೆ ಫೈರ್‌ಸ್ಟೋನ್ ಎಂಬ ಟೈರಿನ ದೊಡ್ಡ ವರ್ತಕನು ಒಹಾಯೋದಲ್ಲಿದ್ದ ತನ್ನ ಹೊಲದಲ್ಲಿ ಪ್ರಯೋಗಗಳನ್ನು ನಡೆಸಿದನು. ೧೯೩೨ರಲ್ಲಿ ಆಲಿಸ್-ಚಾಮರ್ಸ್ ಟ್ರಾಕ್ಟರುಗಳು ಕಡಿಮೆ ಗಾಳಿಯ ಅಗಲವಾದ ಟೈರುಗಳೊಡನೆ ಮಾರಾಟಕ್ಕೆ ಬಂದುವು. ರೈತರು ನಂಬಲಿಲ್ಲ; ಮಣ್ಣಿನಲ್ಲಿ ಜಾರೀತು, ಕೂಳೆ ಚುಚ್ಚೀತು ಎಂದರು. ಕಂಪನಿಯವರು ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಹೆಸರಾಂತ ಪಂದ್ಯಗಾರನನ್ನು ಟ್ರಾಕ್ಟರಿನ ಮೇಲೆ ಕೂರಿಸಿ ಗಂಟೆಗೆ ೬೦ ಮೈಲಿಗೂ ಮಿಕ್ಕಿ ಓಡಿಸಿ ತೋರಿಸಿದರು. ಹೊಲ ಉಳುವುದಕ್ಕೂ ಅದಕ್ಕೂ ಏನು ಸಂಬಂಧವೋ! ಆದರೂ ೧೯೪೦ರ ವೇಳೆಗೆ ಅಮೆರಿಕದ ಹೊಸ ಟ್ರಾಕ್ಟರುಗಳಲ್ಲಿ ಬಹುಪಾಲು ರಬ್ಬರಿನ ಮೇಲೆಯೇ ನಿಂತಿದ್ದುವು.

ಕಡಿಮೆ ಗಾಳಿಯ ಗುಟ್ಟನ್ನು ಇನ್ನೊಬ್ಬನು ಮರಳುಗಾಡಿನಲ್ಲಿ ಕಂಡುಕೊಂಡಿದ್ದನು. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ೧೯೨೦ರ ದಶಕದ ಕೊನೆಯಿಂದ ಫೋರ್ಡ್ ಕಾರುಗಳಲ್ಲಿ ಲಿಬಿಯದ ಮರಳ ಸಮುದ್ರವನ್ನು ಅಲೆದನು. ಟೈರಿನ ಗಾಳಿಯನ್ನು ಇಳಿಸಿದರೆ ಅದು ಒಂಟೆಯ ಪಾದದಂತೆ ಹರಡಿಕೊಂಡು ಮರಳಿನಲ್ಲಿ ಹೂಳದೆ ಸಾಗುತ್ತದೆ. ಆದರೆ ಮರಳು ಮುಗಿದು ಕಲ್ಲುನೆಲ ಬಂದೊಡನೆ ಮತ್ತೆ ಗಾಳಿ ತುಂಬದಿದ್ದರೆ, ಕಲ್ಲಿಗೂ ಕಬ್ಬಿಣಕ್ಕೂ ನಡುವೆ ಟ್ಯೂಬು ಜಜ್ಜಿಹೋಗುತ್ತದೆ. ೧೯೪೦ರಲ್ಲಿ ಆತ ಈಜಿಪ್ಟಿನಲ್ಲಿ ಕಟ್ಟಿದ ಮರುಭೂಮಿಯ ದೂರಸಂಚಾರದ ಪಡೆಯವರಿಗೆ, ನೂರಾರು ಮೈಲಿ ಆಸರೆಯಿಲ್ಲದ ಕಡೆ, ಟೈರು ಮೀಟುವ ಪಟ್ಟಿ ಮತ್ತು ತೇಪೆಯ ಡಬ್ಬಿ ಬಂದೂಕಿನಷ್ಟೇ ಬೇಕಾದ ವಸ್ತುಗಳಾಗಿದ್ದುವು.

ಮನೆಯಲ್ಲಿ ಟೈರು ರಿಪೇರಿ ಮಾಡುವ ವಿದ್ಯೆ ಒಂದು ಇಡೀ ದೇಶದ ಅಗತ್ಯವಾದುದು ೧೯೪೨ರಲ್ಲಿ. ಜಪಾನೀಯರು ಮಲಯವನ್ನು ನುಂಗಿ, ಫೆಬ್ರವರಿ ೧೫ರಂದು ಸಿಂಗಪುರವನ್ನು ಹಿಡಿದು, ಮಾರ್ಚಿನಲ್ಲಿ ಜಾವಾವನ್ನೂ ಗೆದ್ದುಕೊಂಡಾಗ ಅಮೆರಿಕಕ್ಕೆ ಬರುತ್ತಿದ್ದ ಹಸಿ ರಬ್ಬರಿನ ನೂರಕ್ಕೆ ತೊಂಬತ್ತು ಪಾಲು ನಿಂತುಹೋಯಿತು. ಆ ದೇಶದಲ್ಲಿ ಎಲ್ಲಕ್ಕಿಂತ ಮೊದಲು ರೇಷನ್ನಿಗೆ ಬಂದುದು ಸಕ್ಕರೆಯಲ್ಲ, ಪೆಟ್ರೋಲಲ್ಲ, ಟೈರು. ವೈದ್ಯರು, ಪೋಲೀಸರು, ಆಂಬುಲೆನ್ಸಿನವರು ಮೊದಲಾದವರನ್ನು ಬಿಟ್ಟರೆ ಸಾಮಾನ್ಯನಿಗೆ ಹೊಸ ಟೈರಿಲ್ಲ. ಒಂದು ಕಾರಿಗೆ ಐದು ಟೈರು. ಅದಕ್ಕಿಂತ ಹೆಚ್ಚಿದ್ದರೆ ಸರಕಾರಕ್ಕೆ ಒಪ್ಪಿಸಬೇಕು. ಗಂಟೆಗೆ ೩೫ ಮೈಲಿಯನ್ನು ಮೀರಕೂಡದು. ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಪೆಟ್ರೋಲು ರೇಷನ್ನು ಬಂದುದೂ ಮುಖ್ಯವಾಗಿ ಪೆಟ್ರೋಲು ಉಳಿಸುವುದಕ್ಕಲ್ಲ, ಟೈರು ಸವೆಯದಿರಲೆಂದು. ಜೂನ್ ತಿಂಗಳಲ್ಲಿ ಪೌಂಡಿಗೆ ಒಂದು ಸೆಂಟಿನಂತೆ ಹಳೆಯ ರಬ್ಬರನ್ನು ಪೆಟ್ರೋಲು ಬಂಕುಗಳಲ್ಲಿ ಕೊಂಡರು. ಮಳೆಯಂಗಿ, ತೋಟದ ಕೊಳವೆ, ಬಿಸಿನೀರಿನ ಚೀಲ, ಎಲ್ಲವೂ ಬಂದು ಬಿದ್ದುವು. ರೈತರಲ್ಲಿ ಅನೇಕರ ಹೊಸ ಟ್ರಾಕ್ಟರುಗಳು ಮತ್ತೆ ಉಕ್ಕಿನ ಗಾಲಿ ತೊಟ್ಟು ಕಾರ್ಖಾನೆಯಿಂದ ಹೊರಬಿದ್ದುವು. ಹಳೆಯ ಟೈರಿನವರು ಸೀಳಿದ ಕಡೆ ಒಳಗಿನಿಂದ ‘ಬೂಟು’ ಕೂರಿಸಿ, ಸವೆದುದರೊಳಗೆ ಮತ್ತೊಂದು ಸವೆದ ಟೈರನ್ನು ಅಸ್ತರಿಯಂತೆ ತೊಡಿಸಿ ದಿನ ದೂಡಿದರು. ಮುಂದೆ ಕೃತಕ ರಬ್ಬರು ಬಂದಾಗ ರಿಪೇರಿಯವರಿಗೆ ಹೊಸ ತಲೆನೋವು: ಅದಕ್ಕೆ ಸಹಜ ರಬ್ಬರಿನ ಅಂಟುಗುಣವಿಲ್ಲ, ಹಳೆಯ ರೀತಿಯಲ್ಲಿ ಹಾಕಿದ ತೇಪೆ ನಿಲ್ಲದು.

ನಮ್ಮಲ್ಲಿ ಯುದ್ಧಕಾಲದ ನೆನಪೆಂದರೆ ಬೆನ್ನಿಗೆ ಇದ್ದಿಲಿನ ಒಲೆ ಹೊತ್ತು ಏದುಸಿರು ಬಿಡುತ್ತಿದ್ದ ಬಸ್ಸುಗಳು. ಟೈರು ತಯಾರಿಕೆ ಬಂಗಾಳದ ಸಹಾಗಂಜಿನ ಡನ್‌ಲಪ್ ಕಾರ್ಖಾನೆಯಲ್ಲಿ ೧೯೩೬ರಲ್ಲಿಯೇ ಆರಂಭವಾಗಿತ್ತು. ರಬ್ಬರು ಗಾಲಿಯ ಎತ್ತಿನ ಗಾಡಿಯನ್ನು ನಮ್ಮ ರೈತರು ‘ಡನ್‌ಲಪ್ ಗಾಡಿ’ ಎಂದುದು ಆ ಹೆಸರಿನಿಂದಲೇ. ಯುದ್ಧ ಮುಗಿದು ಸೈನ್ಯದ ಜೀಪುಗಳು ಹರಾಜಿಗೆ ಬಂದುವು. ೧೯೪೯ರಿಂದ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿದರು. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಅವು ಹೇಳಿಮಾಡಿಸಿದಂತಿದ್ದುವು. ಕಡಿದ ಗಿಡದ ಚೂಪು ಬುಡ, ಮಳೆಗಾಲದ ಕೊರಕಲು, ಹೊಳೆಯ ಕಲ್ಲು, ಇವೆಲ್ಲ ಟೈರಿನ ನಡುಭಾಗಕ್ಕಿಂತ ಪಕ್ಕವನ್ನೇ ಹುಡುಕಿಕೊಂಡು ಬಂದು ಸೀಳುತ್ತವೆ. ಪೇಟೆ ದೂರ. ಹೀಗಾಗಿ ತೋಟದ ಚಾಲಕನೇ ಟೈರಿನ ವೈದ್ಯನೂ ಆಗಬೇಕಾಗಿತ್ತು.

ಆ ವೈದ್ಯದ ಕ್ರಮವನ್ನು ಕೇಳಿರಿ. ಟೈರನ್ನು ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಬೇಕು. ನೂಲಿನೊಳಗೆ ನೀರು ನಿಂತರೆ ಯಾವ ತೇಪೆಯೂ ಹಿಡಿಯದು. ಗಾಯದ ಅಂಚನ್ನು ಕೊರೆದು, ಸಡಿಲವಾದ ಎಳೆಗಳನ್ನು ತೆಗೆದು, ಒಳಮೈಯನ್ನು ಗಾಯಕ್ಕಿಂತ ಸಾಕಷ್ಟು ದೂರದವರೆಗೆ ಅರದಿಂದ ಉಜ್ಜಬೇಕು. ಸೀಳು ಉದ್ದವಾಗಿದ್ದರೆ ಎರಡು ಬದಿಯಲ್ಲೂ ತೂತು ಕೊರೆದು, ದಬ್ಬಣದಿಂದ ನೈಲಾನು ಹುರಿಯ ಹೊಲಿಗೆ ಹಾಕಬೇಕು. ತೂತುಗಳು ಒಂದೇ ಸಾಲಿನಲ್ಲಿದ್ದರೆ ಅಂಚೆಯ ಚೀಟಿಯಂತೆ ಅಲ್ಲಿಯೇ ಹರಿಯುವುದರಿಂದ ಒಂದು ಹತ್ತಿರ ಒಂದು ದೂರ ಇಡುವುದು ಬಲ್ಲವರ ರೂಢಿ. ಮೇಲೆ ಸಲ್ಯೂಷನ್ ಬಳಿದು, ಅದು ಬೆರಳಿಗೆ ಅಂಟದಷ್ಟು ಆರುವವರೆಗೆ ಕಾಯಬೇಕು. ಹೆಚ್ಚಿನವರು ಕೆಡಿಸುವುದು ಇಲ್ಲಿಯೇ, ಕಾಯುವ ತಾಳ್ಮೆಯಿಲ್ಲದೆ. ಆಮೇಲೆ ನೂಲಿನ ಪದರವುಳ್ಳ ದಪ್ಪ ತೇಪೆ, ನಮ್ಮ ಅಂಗಡಿಗಳ ಮಾತಿನಲ್ಲಿ ‘ಗೇಟರ್’, ಅದನ್ನು ಒಳಗಿನಿಂದ ಕೂರಿಸಿ ನಡುವಿನಿಂದ ಅಂಚಿಗೆ ಉಜ್ಜುತ್ತ ಗಾಳಿಯ ಗುಳ್ಳೆ ಉಳಿಯದಂತೆ ಒತ್ತಬೇಕು. ಅದರ ಅಂಚನ್ನು ತೆಳ್ಳಗೆ ಕೆತ್ತದಿದ್ದರೆ ಅದೇ ಟ್ಯೂಬನ್ನು ಕಚ್ಚಿ ಹೊಸ ತೂತು ಮಾಡುತ್ತದೆ.

ಇಷ್ಟು ಮಾಡಿದ ಟೈರು ಗದ್ದೆಯಲ್ಲಿ, ತೋಟದೊಳಗೆ, ಮೆಲ್ಲಗೆ ಓಡುವುದಕ್ಕೆ ಮಾತ್ರ. ಅದೇ ಜೀಪನ್ನು ಅದೇ ಟೈರಿನೊಡನೆ ಹೆದ್ದಾರಿಗೆ ತರಬಾರದು. ಈ ಮಾತಿನಲ್ಲಿ ರಿಯಾಯಿತಿಯಿಲ್ಲ. ೧೯೪೬ರಲ್ಲಿ ಮಿಶೆಲಿನ್ನರು ಹಕ್ಕುಪತ್ರ ಪಡೆದ ರೇಡಿಯಲ್ ಟೈರು, ಸುಮಾರು ಅದೇ ಕಾಲದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಟ್ಯೂಬಿಲ್ಲದ ಟೈರು, ಇವೆರಡೂ ಕೂಡಿ ಇಂದಿನ ಕಾರುಗಳಿಗೆ ಬಂದಿವೆ. ಅದರ ನಡುಭಾಗಕ್ಕೆ ಹೊಕ್ಕ ಮೊಳೆಯ ತೂತನ್ನು ಮುಚ್ಚಬಹುದು. ತೆಳುವಾದ ಪಕ್ಕದ ನೂಲು ಕಡಿದರೆ ಆ ಟೈರಿನ ಕಥೆ ಮುಗಿಯಿತೆಂದೇ ತಿಳಿಯಬೇಕು.

ಗಾಯಕ್ಕಿಂತ ಹೆಚ್ಚು ಜನರನ್ನು ಮೋಸಗೊಳಿಸಿರುವುದು ಗಾಳಿ. ರಿಮ್ಮಿಗೆ ಟೈರಿನ ಅಂಚು ಕೂರುತ್ತಿಲ್ಲವೆಂದು ಇನ್ನಷ್ಟು, ಇನ್ನಷ್ಟು ಎಂದು ಗಾಳಿ ತುಂಬಿ ಸತ್ತವರುಂಟು. ಟ್ರಾಕ್ಟರಿನ ಟೈರಿನ ಅಂಚು ಕೂರಿಸುವಾಗ ೩೫ ಪೌಂಡು ಮೀರಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಅದರ ಒತ್ತಡ ಕಡಿಮೆಯಾದರೂ ಹೊಟ್ಟೆ ದೊಡ್ಡದು, ಸಿಡಿದರೆ ಹೊರಬೀಳುವ ಬಲವೂ ದೊಡ್ಡದು. ಲಾರಿಗಳ ಬಿಡಿಬಿಡಿ ಬಳೆಗಳ ರಿಮ್ಮುಗಳು ಇನ್ನೂ ಕ್ರೂರ. ಬಳೆ ಸರಿಯಾಗಿ ಕೂರದಿದ್ದರೆ ಗುಂಡಿನಂತೆ ಹಾರುತ್ತದೆ. ಅಂಥ ಗಾಲಿಯನ್ನು ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕೆಂದು ಅಮೆರಿಕದಲ್ಲಿ ೧೯೮೦ರಲ್ಲಿ ಕಾನೂನಾಯಿತು. ಟೈರು ಇರುವಾಗಲೇ ರಿಮ್ಮಿಗೆ ಬೆಸುಗೆ ಹಾಕುವುದಂತೂ ಗಾಳಿ ಇಳಿಸಿದ್ದರೂ ಅಪಾಯ. ಕಾದ ರಬ್ಬರಿನಿಂದ ಎದ್ದ ಅನಿಲ ಒಳಗೇ ಹೊತ್ತಿ ಸಿಡಿಯುತ್ತದೆ.

ಮುಂದಿನ ಸಲ ನೀವು ಪಂಕ್ಚರು ಅಂಗಡಿಯ ಮುಂದೆ ಕಾಯುತ್ತ ಕುಳಿತಾಗ, ಮೂಲೆಯಲ್ಲಿ ರಾಶಿ ಬಿದ್ದ ಸತ್ತ ಟೈರುಗಳ ಕಡೆ ನೋಡಿರಿ. ಮೇಲಿನ ರಬ್ಬರು ಚಪ್ಪಲಿಯ ಅಡಿಯಾಗಿ ಹೋಗಿರುತ್ತದೆ. ಒಳಗಿನ ನೂಲಿನ ಪದರ ಗಟ್ಟಿಯಾಗಿ ಉಳಿದಿರುವ ಕಡೆ ಅಂಗಡಿಯವನು ಚೂರಿಯಿಂದ ಅಂಗೈಯಗಲದ ತುಂಡುಗಳನ್ನು ಕೊಯ್ದುಕೊಂಡಿರುತ್ತಾನೆ. ನಾಳೆ ಇನ್ನಾವುದೋ ಟ್ರಾಲಿಯ ಟೈರು ಸೀಳಿಕೊಂಡು ಬಂದಾಗ ಅದರೊಳಗೆ ಕೂರಿಸುವುದಕ್ಕೆ.